ಮದುವೆಯಲ್ಲಿ ಎರಡು ಪೆಗ್ ಹಾಕಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿದು ವಿರಾಜಪೇಟೆಯಿಂದ ಮಡಿಕೇರಿಗೆ ಕಾರು ಓಡಿಸಬಹುದೇ?

ಬೇಡ, ದಯವಿಟ್ಟು ಓಡಿಸಬೇಡಿ. ಕಾಫಿ ನಿದ್ದೆ ಬಿಡಿಸುತ್ತದೆ, ಅಮಲು ಇಳಿಸುವುದಿಲ್ಲ. ಆ ಕೆಲಸ ಯಕೃತ್ತಿನದು, ಅದಕ್ಕೆ ಅವಸರ ಗೊತ್ತಿಲ್ಲ.

ಲೆಕ್ಕ ನೋಡಿ. ಎರಡು ಲಾರ್ಜ್ ಪೆಗ್ ಅಂದರೆ 120 ಮಿ.ಲೀ. ವಿಸ್ಕಿ. 70 ಕೆ.ಜಿ. ತೂಗುವ ಗಂಡಸಿನ 100 ಮಿ.ಲೀ. ರಕ್ತದಲ್ಲಿ ಅದು ಸುಮಾರು 80 ಮಿ.ಗ್ರಾಂ. ಮದ್ಯಸಾರ ತುಂಬುತ್ತದೆ. ಕಾನೂನಿನ ಮಿತಿ 30. ಗಂಟೆಗೆ ಇಳಿಯುವುದು 15ರ ಆಸುಪಾಸು. ಅಂದರೆ ಮಿತಿಯೊಳಗೆ ಬರಲಿಕ್ಕೇ ಮೂರು-ನಾಲ್ಕು ಗಂಟೆ ಬೇಕು, ಪೂರ್ತಿ ಇಳಿಯಲು ಇನ್ನೂ ಹೆಚ್ಚು.

ನಮ್ಮ ಕೊಡಗಿನ ರಸ್ತೆಗಳನ್ನೂ ನೆನಪಿಸಿಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾದರೆ ಐದಾರು ಮೀಟರ್ ಹೋಯಿತು. ಬಯಲುಸೀಮೆಯ ನೇರ ದಾರಿಯಲ್ಲಿ ಅದು ಹೇಗೋ ನಡೆದೀತು ಎಂದುಕೊಂಡರೂ (ಅಲ್ಲೂ ನಡೆಯುವುದಿಲ್ಲ), ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ, ಮಂಜು ಮುಚ್ಚಿದ ತಿರುವಿನಲ್ಲಿ ಐದು ಮೀಟರ್ ಎಂದರೆ ಕಾಫಿ ತೋಟದ ಇಳಿಜಾರು. ಅಥವಾ ಎದುರಿನಿಂದ ಬರುವ, ತೋಟದ ಕೆಲಸ ಮುಗಿಸಿದ ಆಳುಗಳ ಜೀಪು. ನನಗೆ ಹೆಚ್ಚು ಭಯ ಆ ಜೀಪಿನದೇ, ಅವರು ಕುಡಿದಿರಲಿಲ್ಲವಲ್ಲ.

ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ: ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಲೈಸೆನ್ಸಿಗೂ ಕುತ್ತು. ನಿಮ್ಮ ಗಾಡಿಯ ರಿಪೇರಿಗೆ ವಿಮೆ ಸಿಗುವುದು ಕಷ್ಟ.

ರಾತ್ರಿ ನೆಂಟರ ಮನೆಯಲ್ಲೇ ಉಳಿಯಿರಿ. ಇಲ್ಲವೇ ಕುಡಿಯದ ಒಬ್ಬರ ಕೈಗೆ, ಮೊದಲ ಗ್ಲಾಸ್ ಎತ್ತುವ ಮೊದಲೇ, ಕೀ ಕೊಟ್ಟುಬಿಡಿ.