ಅಪರೂಪಕ್ಕೆ ಬರುವ ಒಂದು ವಾಯ್ಸ್ ಮೆಸೇಜು

ಕಾಸರಗೋಡಿನ ಬದಿಯಡ್ಕ ಕಡೆಯ ಒಬ್ಬಳು ತಂಗಿ ಬರೆದದ್ದು ಓದಿ ನಂಗೆ ಎರಡು ದಿನ ಸಮಾಧಾನ ಇಲ್ಲ. ವಯಸ್ಸು 31, ಗಂಡ ದುಬೈಯಲ್ಲಿ, ಮನೆಯಲ್ಲಿ ಅತ್ತೆ ಮತ್ತೆ ಸಣ್ಣ ಮಗು, ಕನ್ನಡ ಟೀಚರ್ ಪೋಸ್ಟಿಗೆ ಪಿಎಸ್‌ಸಿ ಓದ್ತಾ ಇದ್ದಾಳೆ. ಮಗು ಮಲಗಿದ ಮೇಲೆ ರ್ಯಾಂಕ್ ಫೈಲ್ ಅನ್ನುವ ಪರೀಕ್ಷೆ ಗೈಡ್ ಬಿಡಿಸಿ, ನಡುವೆ ಪೆನ್ಸಿಲ್ ಇಟ್ಟು, ಐದೇ ನಿಮಿಷ ಅಂತ ಫೋನ್ ಹಿಡಿದ್ರೆ ಆಯ್ತು, ರಾತ್ರಿ ಒಂದೂವರೆಗೂ ಪೆನ್ಸಿಲ್ ಅದೇ ಪುಟದಲ್ಲಿ. "ನನ್ನ ಮೆದುಳು ಹಾಳಾಯ್ತಾ ಅಕ್ಕ, ಡೋಪಮೈನ್ ಡಿಟಾಕ್ಸ್ ಮಾಡ್ಬೇಕಾ?" ಅಂತ ಕೇಳಿದ್ದಾಳೆ.

ಎಂತ ಡಿಟಾಕ್ಸ್ ಮಾರಾಯ್ತಿ! ಡೋಪಮೈನ್ ಅಂದ್ರೆ ಮೆದುಳೇ ಮಾಡುವ ಒಂದು ರಾಸಾಯನಿಕ, ಅದನ್ನು ಮಾಡುವ ಕೋಶಗಳು ಸತ್ತದ್ದಕ್ಕೇ ಪಾರ್ಕಿನ್ಸನ್ ಬಂದವರ ಕೈ ನಡುಗುದು. ಅದು ತೊಳೆದು ಚೆಲ್ಲುವ ಕೊಳೆ ಅಲ್ಲ.

ಆದ್ರೆ ಕೊನೆಗೆ ಸುಮ್ನೆ ಎಂಬಂತೆ ನೀನೊಂದು ಸಾಲು ಬರ್ದಿದ್ದೀ: "ಇವರು ಮಾತಾಡುದು ಕಮ್ಮಿ, ರೀಲ್ಸ್ ಕಳಿಸ್ತಾ ಇರ್ತಾರೆ, ಅಪರೂಪಕ್ಕೆ ಮಧ್ಯೆ ಒಂದು ವಾಯ್ಸ್ ಬರ್ತದೆ." ವಿಷಯ ಇರುದೇ ಅಲ್ಲಿ.

ಅಮೆರಿಕದ ಮನಃಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ್ದ. ಇಷ್ಟು ಸಲ ಕುಕ್ಕಿದ್ರೆ ಕಾಳು ಅಂತ ಲೆಕ್ಕ ಇದ್ರೆ ತಿಂದು ಸ್ವಲ್ಪ ಸುಮ್ನಿರ್ತಾವೆ, ಯಾವಾಗ ಬೀಳ್ತದೆ ಅಂತ ಗೊತ್ತಿಲ್ಲದಿದ್ರೆ ಕುಕ್ಕುದು ಬಿಡುದೇ ಇಲ್ಲ. ಆಮೇಲೆ 1990ರ ದಶಕದಲ್ಲಿ ಶುಲ್ಟ್ಸ್ ಅನ್ನುವ ವಿಜ್ಞಾನಿ ಮಂಗಗಳ ಮೆದುಳಲ್ಲಿ ನೋಡಿದ್ರು, ಹಣ್ಣಿನ ರಸ ಅಭ್ಯಾಸ ಆದ ಮೇಲೆ ಡೋಪಮೈನ್ ಕೋಶ ಕುಣಿಯುದು ರಸ ಬಾಯಿಗೆ ಬಿದ್ದಾಗ ಅಲ್ಲ, ರಸ ಬರ್ತದೆ ಅನ್ನುವ ಸೂಚನೆ ಕಂಡಾಗ. ಈಗ ಬಂತು, ಈಗ ಬಂತು ಅನ್ನುವ ತವಕ ಅದು. ಹತ್ತು ರೀಲ್ಸು ಸಪ್ಪೆ, ಹನ್ನೊಂದನೆಯದು ನಗಿಸ್ತದೆ, ಎಲ್ಲರಿಗೂ ಅಷ್ಟೇ, ನಿಂಗೆ ಅದರ ಮೇಲೆ ಗಂಡನ ಸ್ವರ ಬೇರೆ ಯಾವಾಗ ಬರ್ತದೆ ಗೊತ್ತಿಲ್ಲ, ಬೆರಳು ನಿಲ್ಲುದು ಹೇಗೆ ಹೇಳು. (2020ರಲ್ಲಿ ಟಿಕ್‌ಟಾಕ್ ಬ್ಯಾನ್ ಆದಾಗ ಪೀಡೆ ಹೋಯ್ತು ಅಂತ ನಾನು ಪಾಯಸ ಮಾಡಿದ್ದೆ, ಮುಂದಿನ ತಿಂಗಳೇ ರೀಲ್ಸ್ ಬಂತು.)

ಅತ್ತೆ ಬೈತಾರೆ ಅಂತ ಬರ್ದಿದ್ದೀ, ಬೈಲಿ ಬಿಡು. ನಂಗೆ ಸಿಟ್ಟು ಬಂದದ್ದು ನಿನ್ನ ಗಂಡನ ಮೇಲೆ. "ನಿಂಗೆ ಮನಸ್ಸು ಗಟ್ಟಿ ಇಲ್ಲ" ಅಂತಾರಂತೆ! ಅವರು ಅಲ್ಲಿ ಹತ್ತು ಗಂಟೆಗೆ ಹಾಸಿಗೆಯಲ್ಲಿ ಬಿದ್ದು ಒಂದೊಂದೇ ಕಳಿಸುವಾಗ ನಿಂಗಿಲ್ಲಿ ಹನ್ನೊಂದೂವರೆ.

ಒಂದೇ ಕೆಲಸ ಹೇಳ್ತೇನೆ, ಅದನ್ನೇ ನಾನು ಎಲ್ಲರಿಗೂ ಹೇಳುದು: ಫೋನಿನ ಚಾರ್ಜರ್ ಮಲಗುವ ಕೋಣೆಯಿಂದ ಚಾವಡಿಗೆ ಹೋಗ್ಲಿ, ಇವತ್ತೇ. ಬೆಳಿಗ್ಗೆ ಏಳ್ಲಿಕ್ಕೆ ಕೀ ಕೊಡುವ ಗಡಿಯಾರ ತಗೋ. ಫೋನ್ ಅಲ್ಲಿಗೆ ಹೋಗುವ ಮೊದಲು, ರಾತ್ರಿ ಒಂಬತ್ತಕ್ಕೆ, ಅವರ ಏಳೂವರೆಗೆ, ಬೋಟಿಮ್ ಅನ್ನುವ ಕಾಲ್ ಆ್ಯಪಲ್ಲಿ ಹತ್ತು ನಿಮಿಷ ಮಾತಾಡ್ಬೇಕು ಅಂತ ಅವರಿಗೆ ಹೇಳು. ಪುರುಸೊತ್ತಿಲ್ಲ ಅಂದ್ರೆ ನಿನ್ನೆ ಒಂದೇ ರಾತ್ರಿ ಎಷ್ಟು ರೀಲ್ಸ್ ಕಳಿಸಿದ್ದಾರೆ ಅಂತ ಎಣಿಸಿ ಅವರಿಗೇ ಕಳಿಸು.