ಐ7 ಬೇಕೋ, ಐ5 ಸಾಕೋ: ಕಂಪ್ಯೂಟರ್ ಜೋಡಿಸುವವರ ಪ್ರಶ್ನೆಗಳು

ಡೆಸ್ಕ್‌ಟಾಪ್ ಜೋಡಿಸುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನವೇ. ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಬಗ್ಗೆ ಕೇಳಿದವರು ಒಬ್ಬರೇ ಒಬ್ಬರು. ಅವರಿಗೆ ಎಲ್ಲರಿಗಿಂತ ಉದ್ದದ ಉತ್ತರ ಕೊಟ್ಟಿದ್ದೇನೆ, ಬಹುಮಾನ ಅಂದುಕೊಳ್ಳಲಿ.

ಪ್ರಶ್ನೆ: ಮೇಡಂ, ಮೊದಲ ಸಲ ಕೈಯಾರೆ ಕಂಪ್ಯೂಟರ್ ಜೋಡಿಸಲು ಹೊರಟಿದ್ದೇನೆ. ಫೋಟೋ ಎಡಿಟಿಂಗ್ ಜಾಸ್ತಿ, ಸ್ವಲ್ಪ ವಿಡಿಯೋ, ಯಾವಾಗಲಾದರೂ ಒಂದು ಗೇಮ್. ಐ7 ತೆಗೆದುಕೊಳ್ಳಲೋ, ಐ5 ಸಾಕೋ? ಗೆಳೆಯನೊಬ್ಬ ತನ್ನ ಹಳೆಯ ಐ7 7700 ಕೊಡುತ್ತೇನೆ ಅನ್ನುತ್ತಿದ್ದಾನೆ. ಅದರ ಮೇಲೆಯೇ ಹೊಸದು ಕಟ್ಟಬಹುದೇ?

ಉತ್ತರ: ಐ3, ಐ5, ಐ7 ಅನ್ನುವುದು ಇಂಟೆಲ್ ಕಂಪನಿಯ ಒಂದೇ ಪೀಳಿಗೆಯ ಪ್ರೊಸೆಸರ್‌ಗಳ ಒಳಗಿನ ದರ್ಜೆ. ಬೇರೆ ಬೇರೆ ಕಾಲದವನ್ನು ಆ ಹೆಸರಿಟ್ಟುಕೊಂಡು ತೂಗಿದರೆ ಲೆಕ್ಕ ತಪ್ಪುತ್ತದೆ. ನಿಮ್ಮ ಗೆಳೆಯರ 7700 ಬಂದಿದ್ದು 2017ರಲ್ಲಿ, ಅದರಲ್ಲಿ ಇರುವುದು 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಸಾಲು). 2022ರ ಐ3 12100ರಲ್ಲೂ ಅಷ್ಟೇ ಕೋರ್, ಅಷ್ಟೇ ಥ್ರೆಡ್, ಆದರೆ ಒಂದೊಂದು ಕೋರೂ ಎಷ್ಟೋ ಚುರುಕು. ಹಾಗಾಗಿ ಹೊಸ ಐ3 ಈ ಹಳೆಯ ಐ7ನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಸಾಲದ್ದಕ್ಕೆ 7700ಕ್ಕೆ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಜಾಗ ಇಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಸುಮ್ನೆ ಕೊಟ್ಟರೆ ಇಟ್ಟುಕೊಂಡು ಲಿನಕ್ಸ್ ಕಲಿಯಿರಿ. ಹೊಸ ಯಂತ್ರವನ್ನು ಅದರ ಮೇಲೆ ಕಟ್ಟಬೇಡಿ.

ಇನ್ನು ಶುರು ಎಲ್ಲಿಂದ? ಯಾರೇ ಕೇಳಲಿ, ನಾನು ಮೊದಲು ವಾಪಸ್ ಕೇಳುವುದು ಮಾನಿಟರ್ ಯಾವುದು ಅಂತ. 1920×1080ರ ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್ ಇರುತ್ತವೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ, ಅಂದರೆ ನಾಲ್ಕು ಪಟ್ಟು. ಗೇಮ್ ಆಡುವಾಗ ಅಷ್ಟನ್ನೂ ಕ್ಷಣಕ್ಷಣಕ್ಕೂ ಬಿಡಿಸುತ್ತಾ ಹೋಗಬೇಕಾದ್ದು ಗ್ರಾಫಿಕ್ಸ್ ಕಾರ್ಡ್. ಆದ್ದರಿಂದ ಕಾರ್ಡು ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಪರದೆಯೇ ಹೇಳುತ್ತದೆ. ನಿಮ್ಮದು ಮುಖ್ಯವಾಗಿ ಫೋಟೋ ಕೆಲಸ ಆಗಿರುವುದರಿಂದ ಬಣ್ಣ ಸರಿಯಾಗಿ ತೋರಿಸುವ ಒಳ್ಳೆಯ ಐಪಿಎಸ್ ಮಾನಿಟರ್‌ಗೆ ಮೊದಲು ಹಣ ತೆಗೆದಿಡಿ, ಆಮೇಲೆ 32 ಜಿಬಿ ರ‍್ಯಾಮ್, ಒಂದು ವೇಗದ ಎಸ್‌ಎಸ್‌ಡಿ, ಹೊಸ ಪೀಳಿಗೆಯ ಐ5 ಅಥವಾ ಇಂಟೆಲ್‌ನ ಎದುರಾಳಿ ಎಎಂಡಿಯ ರೈಜನ್ 5. ಗ್ರಾಫಿಕ್ಸ್ ಕಾರ್ಡ್ ಮಧ್ಯಮದ್ದು ಸಾಕು. ಬರೀ ಗೇಮ್ ಆಡುವವರಾಗಿದ್ದರೆ ಇದನ್ನೇ ತಿರುಗಿಸಿ ಹೇಳುತ್ತಿದ್ದೆ: ಒಟ್ಟು ಹಣದ ಮೂರರಲ್ಲೊಂದು ಪಾಲು ಅಥವಾ ಇನ್ನೂ ಸ್ವಲ್ಪ ಜಾಸ್ತಿ ಕಾರ್ಡಿಗೇ ಹೋಗಲಿ.

ಐ7 ಬೇಡವೇ ಬೇಡ ಅನ್ನುತ್ತಿಲ್ಲ. ದಿನವೂ ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡುವವರಿಗೆ ಜಾಸ್ತಿ ಕೋರ್ ಇದ್ದಷ್ಟೂ ಸಮಯ ಉಳಿಯುತ್ತದೆ. ಆದರೆ ಐ7 ಕೊಂಡು ಅದರ ಪಕ್ಕ 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ ಹಾಕಿದವರನ್ನು ನೋಡಿದ್ದೇನೆ. ಎತ್ತಿನ ಗಾಡಿಗೆ ಕುದುರೆ ಕಟ್ಟಿದ ಹಾಗೆ.

ಪ್ರಶ್ನೆ: ಐ5 12400 ಮತ್ತು 12400ಎಫ್ ಎರಡೂ ಒಂದೇ, ಎಫ್ ಅಗ್ಗ ಎಂದು ಅಂಗಡಿಯವರು ಹೇಳಿದರು. ನಿಜವೇ?

ಉತ್ತರ: ಅರ್ಧ ನಿಜ. ಎರಡರಲ್ಲೂ 6 ಕೋರ್, 12 ಥ್ರೆಡ್. ಎಫ್ ಇದ್ದದ್ದರಲ್ಲಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಕಾರ್ಡ್ ಹೇಗೂ ಹಾಕುತ್ತೀರಿ ಅಂದರೆ ಎಫ್ ತೆಗೆದುಕೊಳ್ಳಿ. ಆದರೂ ನನ್ನ ಓಟು ಎಫ್ ಇಲ್ಲದ್ದಕ್ಕೆ, ಯಾಕೆಂದರೆ ಮುಂದೆ ಕಾರ್ಡ್ ಕೆಟ್ಟು ರಿಪೇರಿಗೆ ಹೋದಾಗ ಕಂಪ್ಯೂಟರ್ ನಿಂತುಹೋಗುವುದಿಲ್ಲ. ವಿಡಿಯೋ ಎಡಿಟ್ ಮಾಡುವವರಿಗೆ ಅದರೊಳಗಿನ, ವಿಡಿಯೋ ಕೆಲಸ ಬೇಗ ಮುಗಿಸುವ ಕ್ವಿಕ್ ಸಿಂಕ್ ಕೂಡ ಉಪಯೋಗಕ್ಕೆ ಬರುತ್ತದೆ. ಎಎಂಡಿಯಲ್ಲಿ ಲೆಕ್ಕ ಬೇರೆ: ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ, 7600ರಲ್ಲಿ ಪರದೆ ತೋರಿಸುವಷ್ಟು ಚಿಕ್ಕದೊಂದು ಇದೆ, 7500ಎಫ್‌ನಲ್ಲಿ ಮತ್ತೆ ಇಲ್ಲ. ಹೆಸರಿನ ಕೊನೆಯ ಅಕ್ಷರ ಓದದೆ ದುಡ್ಡು ಕೊಡಬೇಡಿ.

ಪ್ರಶ್ನೆ: ಬಿ650 ಮದರ್‌ಬೋರ್ಡ್ ತಂದೆ. ಹಳೆಯ ಕಂಪ್ಯೂಟರಿನ ಡಿಡಿಆರ್4 ರ‍್ಯಾಮ್ ಅದರಲ್ಲಿ ಕೂರುತ್ತಲೇ ಇಲ್ಲ. ಸ್ವಲ್ಪ ಜೋರಾಗಿ ಒತ್ತಲೇ?

ಉತ್ತರ: ದಯವಿಟ್ಟು ಒತ್ತಬೇಡಿ! ಡಿಡಿಆರ್4, ಅದರ ಮುಂದಿನ ಪೀಳಿಗೆಯ ಡಿಡಿಆರ್5 ಎರಡಕ್ಕೂ 288 ಪಿನ್, ಉದ್ದವೂ ಒಂದೇ, ಹಾಗಾಗಿ ಮೋಸ ಹೋಗುವುದು ಸಹಜ. ಆದರೆ ನಡುವಿನ ಕಚ್ಚು ಇರುವ ಜಾಗ ಬೇರೆ. ತಪ್ಪಾದದ್ದು ಕೂರದೇ ಇರಲಿ ಅಂತಲೇ ಹಾಗೆ ಮಾಡಿದ್ದಾರೆ. ಬಿ650 ಬೋರ್ಡಿನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಎಎಂಡಿಯ ಎಎಂ5. 2022ರಲ್ಲಿ ಬಂದ ಈ ಸಾಕೆಟ್‌ಗೆ ಡಿಡಿಆರ್5 ಬಿಟ್ಟು ಬೇರೇನೂ ನಡೆಯುವುದಿಲ್ಲ.

ಹಳೆಯ ರ‍್ಯಾಮ್ ಉಳಿಸಿಕೊಳ್ಳಲೇಬೇಕು ಅಂತಿದ್ದರೆ ಎಎಂಡಿಯ ಹಿಂದಿನ ಸಾಕೆಟ್ ಎಎಂ4ರ ಬೋರ್ಡ್ ಇದೆ, ಇಲ್ಲವೇ ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ ಇದೆ. 1700ರಲ್ಲಿ ಇನ್ನೊಂದು ಗಮ್ಮತ್ತು. ಒಂದೇ ಬಿ760 ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ಇರುವ ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್4, ಕೆಲವಕ್ಕೆ ಡಿಡಿಆರ್5. ಹೆಸರು ಹೆಚ್ಚೂಕಡಿಮೆ ಒಂದೇ, ಕೊನೆಯಲ್ಲಿ ಡಿ4 ಅಂತ ಚಿಕ್ಕದಾಗಿ ಬರೆದಿರುತ್ತಾರೆ. ಆದರೆ ಆ 1700 ಸಾಕೆಟ್ ಇಂಟೆಲ್‌ನ 12, 13, 14ನೇ ಪೀಳಿಗೆಗೇ ಮುಗಿಯಿತು, 2024ರ ಕೋರ್ ಅಲ್ಟ್ರಾ 200 ಸಾಲಿಗೆ ಎಲ್‌ಜಿಎ1851 ಎಂಬ ಹೊಸ ಸಾಕೆಟ್ ಬಂತು. ಎಎಂ4 ಮಾತ್ರ ಗಟ್ಟಿ ಜೀವ: 2017ರ ಮೊದಲ ರೈಜನ್ ಕೂತ ಸಾಕೆಟ್‌ನಲ್ಲೇ 2022ರ 5800ಎಕ್ಸ್3ಡಿ ಕೂಡ ಕೂತಿತು. ನೀವು ಬೋರ್ಡ್ ಆಗಲೇ ತಂದಾಗಿದೆ ಅಲ್ವಾ, ಅದನ್ನೇ ಇಟ್ಟುಕೊಳ್ಳಿ. ಹಳೆಯ ರ‍್ಯಾಮ್ ಮಾರಿ, 16 ಜಿಬಿಯ ಎರಡು ಡಿಡಿಆರ್5 ಕಡ್ಡಿ ತನ್ನಿ. ನಾಲ್ಕೈದು ವರ್ಷ ಬಿಟ್ಟು ಬರೀ ಪ್ರೊಸೆಸರ್ ಬದಲಿಸಿಕೊಳ್ಳುವ ದಾರಿ ಎಎಂ5ರಲ್ಲೇ ಜಾಸ್ತಿ ತೆರೆದಿದೆ.

ಪ್ರಶ್ನೆ: ರೈಜನ್ 5 7600, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಹಾಕಬೇಕೆಂದಿದ್ದೇನೆ. ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಇರಬೇಕು? 850 ವ್ಯಾಟ್ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರುವುದಿಲ್ಲವೇ? ಕೇಸ್ ಜೊತೆ ಒಂದು ಎಸ್‌ಎಂಪಿಎಸ್ ಉಚಿತವಾಗಿ ಕೊಡುತ್ತಾರಂತೆ.

ಉತ್ತರ: ಅಬ್ಬಾ, ಕೊನೆಗೂ ಒಬ್ಬರು ಕೇಳಿದರು.

ಮೊದಲು ಬಿಲ್ಲಿನ ವಿಷಯ. 850 ವ್ಯಾಟ್ ಅಂದರೆ ಅಷ್ಟು ಕೊಡಬಲ್ಲದು ಅಂತ, ಯಾವಾಗಲೂ ಅಷ್ಟು ಎಳೆಯುತ್ತದೆ ಅಂತಲ್ಲ. ದೊಡ್ಡ ಟ್ಯಾಂಕ್ ಕಟ್ಟಿಸಿದರೆ ನೀವು ಜಾಸ್ತಿ ನೀರು ಕುಡಿಯುವುದಿಲ್ಲವಲ್ಲ. 4060 ಹೆಚ್ಚೆಂದರೆ ಸುಮಾರು 115 ವ್ಯಾಟ್ ತಿನ್ನುತ್ತದೆ. 7600 ಪೆಟ್ಟಿಗೆಯ ಮೇಲೆ 65 ವ್ಯಾಟ್ ಅಂತಿದ್ದರೂ ಪೂರ್ತಿ ದುಡಿಯುವಾಗ 88ರವರೆಗೆ ಹೋಗುತ್ತದೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಕ್ಕೂ ಧಾರಾಳವಾಗಿ 60–70 ಹಿಡಿದರೂ ಒಟ್ಟು 270ರ ಆಸುಪಾಸು. ನಿಮಗೆ 550 ವ್ಯಾಟ್ ಬೇಕಾದಷ್ಟಾಯಿತು. ಮುಂದೆ ದೊಡ್ಡ ಕಾರ್ಡ್ ಹಾಕುವ ಆಸೆ ಇದ್ದರೆ 650. ಇದರ ಮೇಲೆ ಹೋದರೆ ದುಡ್ಡು ದಂಡ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಬರೆದಿರುತ್ತದಲ್ಲ, ಅದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ಮುಟ್ಟುತ್ತದೆ ಅನ್ನುವ ಅಳತೆ. ಅರ್ಧ ಲೋಡಿನಲ್ಲಿ ಗೋಲ್ಡ್ ಇರುವುದು ನೂರಕ್ಕೆ 90ರಷ್ಟು ಮುಟ್ಟಿಸುತ್ತದೆ. ಅಂದರೆ ಒಳಗೆ 270 ವ್ಯಾಟ್ ಬೇಕಾದಾಗ ಗೋಡೆಯಿಂದ 300 ಎಳೆಯುತ್ತದೆ, ಉಳಿದ 30 ಶಾಖವಾಗಿ ಹೋಗುತ್ತದೆ. ಇಷ್ಟೇ ಅದರ ಅರ್ಥ. ಎಷ್ಟು ವರ್ಷ ಬಾಳುತ್ತದೆ, ಶಾರ್ಟ್ ಆದರೆ ತಾನೇ ಬಂದ್ ಆಗುತ್ತದೆಯೇ, ಇದನ್ನೆಲ್ಲ ಆ ಚೀಟಿ ಹೇಳುವುದಿಲ್ಲ.

ಇನ್ನು ಉಚಿತದ್ದು. ನಾನು ಜೋಡಿಸಿದ ಎರಡನೆಯ ಕಂಪ್ಯೂಟರಿಗೆ ಹಾಗೇ ಕೇಸ್ ಜೊತೆ ಬಂದದ್ದನ್ನೇ ಹಾಕಿದ್ದೆ. ಮೇಲೆ 500 ವ್ಯಾಟ್ ಅಂತ ದಪ್ಪ ಅಕ್ಷರ. ಎತ್ತಿದರೆ ಖಾಲಿ ಡಬ್ಬಿಯ ಹಾಗೆ ಹಗುರ, ನನಗೆ ಆಗ ಅದೂ ಒಂದು ಗುಣ ಅನ್ನಿಸಿತ್ತು! ಎಂಟು ತಿಂಗಳಿಗೆ ಒಂದು ಸಂಜೆ ಟಪ್ ಎಂದಿತು, ಸುಟ್ಟ ವಾಸನೆ ಬಂತು, ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆ ಡಿಸ್ಕಿನಲ್ಲಿ ಇದ್ದ ಫೋಟೋಗಳು ಇವತ್ತಿಗೂ ಇಲ್ಲ. ಆಮೇಲೆ ಅದರ ಚೀಟಿ ಓದಿದೆ: 12 ವೋಲ್ಟ್ ಸಾಲಿನಲ್ಲಿ 20 ಆಂಪ್ ಅಂತಿತ್ತು. 12ನ್ನು 20ರಿಂದ ಗುಣಿಸಿ, 240 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು ಮುಖ್ಯವಾಗಿ ಆ 12 ವೋಲ್ಟ್ ಸಾಲಿನ ಮೇಲೆ. ನೀವು ನೋಡಬೇಕಾದ್ದು ಆ ಸಾಲನ್ನೇ. ಒಳ್ಳೆಯ 550ರಲ್ಲಿ ಅಲ್ಲಿ 45 ಆಂಪ್‌ನ ಹತ್ತಿರ ಇರುತ್ತದೆ. ವಾರಂಟಿಯೂ ಒಂದು ಸುಳಿವು, ಐದು ವರ್ಷಕ್ಕಿಂತ ಕಡಿಮೆ ಕೊಡುವುದನ್ನು ನಾನು ಈಗ ಮುಟ್ಟುವುದಿಲ್ಲ.

ಇನ್ನೊಂದು ಮಾತು, ಇದು ಯಾರೂ ಹೇಳುವುದಿಲ್ಲ. ಕೇಬಲ್ ಬಿಚ್ಚಿ ಹಾಕುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ಕೊಂಡರೆ, ಹಳೆಯದರ ಕೇಬಲ್ ಹೊಸದಕ್ಕೆ ಚುಚ್ಚಬೇಡಿ. ಸರಿಯಾಗಿ ಕೂತರೂ ಬೇಡ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟ್ ಅನ್ನುವುದಕ್ಕೆ ಎಲ್ಲರಿಗೂ ಒಂದೇ ನಿಯಮ ಅಂತಿಲ್ಲ. 5 ವೋಲ್ಟ್ ಹೋಗಬೇಕಾದ ಕಡೆ 12 ಹೋದರೆ ಎಸ್‌ಎಸ್‌ಡಿ ಅಲ್ಲೇ ಮುಗಿಯಿತು.

ಪ್ರಶ್ನೆ: ಅಕ್ಕಾ, ನಾನು ಹತ್ತನೇ ಕ್ಲಾಸು. ಅಪ್ಪ ಕಂಪ್ಯೂಟರ್ ಕೊಡಿಸಿದರು, ನಾನೇ ಜೋಡಿಸಿದೆ. ರ‍್ಯಾಮ್ ಪೆಟ್ಟಿಗೆಯ ಮೇಲೆ 6000 ಅಂತಿದೆ, ಕಂಪ್ಯೂಟರಿನಲ್ಲಿ 4800 ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರಾ?

ಉತ್ತರ: ಇಲ್ಲ ತಮ್ಮಾ, ಅವರನ್ನು ಬೈಯಬೇಡ. ಡಿಡಿಆರ್5 ಮೊದಲ ಸಲ ಚಾಲೂ ಆದಾಗ 4800ರಂಥ ಸುರಕ್ಷಿತ ವೇಗದಲ್ಲೇ ಓಡುತ್ತದೆ. 6000 ಬೇಕೆಂದರೆ ಬಯೋಸ್ (ಬೋರ್ಡಿನಲ್ಲೇ ಇರುವ ಮೂಲ ಸಾಫ್ಟ್‌ವೇರ್) ಒಳಗೆ ಹೋಗಿ ನೀನೇ ಹೇಳಬೇಕು. ಎಎಂಡಿ ಬೋರ್ಡಿನಲ್ಲಿ ಅದಕ್ಕೆ ಎಕ್ಸ್‌ಪೋ ಅನ್ನುತ್ತಾರೆ, ಇಂಟೆಲ್‌ನಲ್ಲಿ ಎಕ್ಸ್‌ಎಂಪಿ. ಅದನ್ನು ಆನ್ ಮಾಡಿ ಸೇವ್ ಮಾಡು. ಆಮೇಲೆ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು, ಗಾಬರಿಯಾಗಿ ಸ್ವಿಚ್ ಆರಿಸಬೇಡ, ಬೋರ್ಡು ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಾದರೆ ಎರಡು ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದರಲ್ಲಿ ಇವೆಯಾ ನೋಡು. ಪಕ್ಕಪಕ್ಕ ಹಾಕಿದ್ದರೆ ಡ್ಯುಯಲ್ ಚಾನೆಲ್, ಅಂದರೆ ಎರಡು ದಾರಿ ಒಟ್ಟಿಗೆ, ಸಿಗದೆ ಅರ್ಧ ದಾರಿಯಲ್ಲೇ ಓಡುತ್ತಿರುತ್ತದೆ. ಖಾಲಿ ಇವೆ ಅಂತ ಇನ್ನೂ ಎರಡು ತುಂಬಬೇಡ, ನಾಲ್ಕು ಡಿಡಿಆರ್5 ಕಡ್ಡಿ ಹಾಕಿದರೆ ವೇಗ ಇಳಿಯುವುದೇ ಜಾಸ್ತಿ. ಮತ್ತೆ, ಹತ್ತನೇ ಕ್ಲಾಸಿಗೇ ಜೋಡಿಸಿದ್ದೀಯಲ್ಲ, ಭೇಷ್!

ಪ್ರಶ್ನೆ: ಎಂ.2 ಎಸ್‌ಎಸ್‌ಡಿ ಅಂದರೆ ಎಲ್ಲವೂ ಎನ್‌ವಿಎಂಇ ತಾನೇ?

ಉತ್ತರ: ಅಲ್ಲ. ಎಂ.2 ಅನ್ನುವುದು ಆಕಾರದ ಹೆಸರು. ಅದೇ ಆಕಾರದಲ್ಲಿ ಹಳೆಯ, ನಿಧಾನದ ಸಾಟಾ ಕೂಡ ಬರುತ್ತದೆ, ಅದು ಸೆಕೆಂಡಿಗೆ ಸುಮಾರು 560 ಎಂಬಿ ದಾಟುವುದಿಲ್ಲ. ಎನ್‌ವಿಎಂಇ ಅದಕ್ಕಿಂತ ವೇಗದ ಬಗೆ: ಮೂರನೇ ಪೀಳಿಗೆಯದ್ದು ಸುಮಾರು 3,500ರವರೆಗೆ, ನಾಲ್ಕನೆಯದು 7,000ದ ಆಸುಪಾಸಿನವರೆಗೆ ಹೋಗುತ್ತದೆ. ದಿನದ ಕೆಲಸದಲ್ಲಿ ಮೂರಕ್ಕೂ ನಾಲ್ಕಕ್ಕೂ ನಿಮಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಆ ದುಡ್ಡಿಗೆ 500 ಜಿಬಿ ಬದಲು 1 ಟಿಬಿ ತೆಗೆದುಕೊಳ್ಳಿ.

ಪ್ರಶ್ನೆ: ಕೇಸ್ ಯಾವುದಾದರೂ ಆದೀತೇ?

ಉತ್ತರ: ಗಾಳಿ ಆಡುವಂಥದ್ದು ಯಾವುದಾದರೂ ಆದೀತು. ಮುಂದೆ ಪೂರ್ತಿ ಗಾಜು ಮುಚ್ಚಿ, ಒಳಗೆ ಬಣ್ಣದ ದೀಪ ಹಾಕಿದ್ದು ಅಂಗಡಿಯಲ್ಲಿ ಚೆಂದ, ಸೆಖೆಯಲ್ಲಿ ಒಲೆ. ಮುಂಭಾಗ ಜಾಲರಿ ಇರಲಿ. ಮೂರು ಅಳತೆ ನೋಡಿಕೊಳ್ಳಿ: ಬೋರ್ಡಿನ ಗಾತ್ರ (ಎಟಿಎಕ್ಸ್ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244), ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರಿನ ಎತ್ತರ. ಕೂಲರ್ 160 ಮಿ.ಮೀ. ಎತ್ತರ ಇದ್ದು ಕೇಸ್‌ನಲ್ಲಿ 155 ಜಾಗ ಇದ್ದರೆ ಬಾಗಿಲು ತೆರೆದೇ ಬದುಕಬೇಕಾಗುತ್ತದೆ.

ಪ್ರಶ್ನೆ: ಎಲ್ಲ ಜೋಡಿಸಿ ಆಯಿತು. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಎರಡು ದಿನದಿಂದ ನಿದ್ದೆ ಇಲ್ಲ. ಯಾವ ಭಾಗ ಕೆಟ್ಟಿದೆ?

ಉತ್ತರ: ಬಹುಶಃ ಯಾವುದೂ ಕೆಟ್ಟಿಲ್ಲ. ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದ್ದೀರಿ? ಮೇಲೆ ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿದ್ದರೆ ತೆಗೆದು ಕೆಳಗೆ ಗ್ರಾಫಿಕ್ಸ್ ಕಾರ್ಡಿನದಕ್ಕೆ ಹಾಕಿ. ನಗಬೇಡಿ, ಇಷ್ಟು ವರ್ಷ ಇದನ್ನೇ ಮಾಡಿಕೊಂಡು ಬಂದಿರುವ ನಾನೂ ಹೋದ ವರ್ಷ ಇದೇ ತಪ್ಪು ಮಾಡಿ ಅರ್ಧ ಗಂಟೆ ರ‍್ಯಾಮ್ ತೆಗೆದು ಹಾಕಿ ಒದ್ದಾಡಿದೆ. ಅದು ಸರಿ ಇದ್ದರೆ, ಬೋರ್ಡಿನ ಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೆ ಅಂತ ಬೇರೆಯೇ 8 ಪಿನ್ನಿನ ಕೇಬಲ್ ಹೋಗಬೇಕು, ದೊಡ್ಡ 24 ಪಿನ್ನಿನದು ಹಾಕಿ ಇದನ್ನು ಮರೆಯುವವರು ಬಹಳ. ಆಮೇಲೆ ರ‍್ಯಾಮ್ ಎರಡೂ ತುದಿಯಲ್ಲಿ ಟಕ್ ಅನ್ನುವವರೆಗೆ ಒತ್ತಿ, ಒಂದೇ ಕಡ್ಡಿ ಇಟ್ಟು ನೋಡಿ. ಬೋರ್ಡ್ ನಿಮ್ಮ ಪ್ರೊಸೆಸರಿಗಿಂತ ಹಳೆಯದಾಗಿದ್ದರೆ ಬಯೋಸ್‌ಗೆ ಅದರ ಪರಿಚಯವೇ ಇರುವುದಿಲ್ಲ. ಹಿಂದೆ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಪೆನ್‌ಡ್ರೈವಿನಿಂದಲೇ ಹೊಸದು ಹಾಕಬಹುದು.

ಕೂಲರ್ ಕೆಳಗಿನ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಲ್ಲ? ಪರದೆ ಕಪ್ಪಾಗಲು ಅದು ಕಾರಣ ಅಲ್ಲ, ಆದರೂ ಕೇಳಿಬಿಟ್ಟೆ. ಇಷ್ಟೆಲ್ಲ ಆದಮೇಲೂ ಬರದಿದ್ದರೆ, ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ದೀಪಗಳಿದ್ದರೆ ಅವುಗಳಲ್ಲಿ ಯಾವುದು ಆರದೆ ಉಳಿದಿದೆ ಎಂದು ನೋಡಿ ಬರೆದು ಕಳಿಸಿ, ಬೋರ್ಡಿನ ಪೂರ್ತಿ ಹೆಸರಿನ ಜೊತೆ.