ಓದುಗರ ಪ್ರಶ್ನೆ: ಕಾನ್ಫರೆನ್ಸ್ ಫೈನಲ್‌ಗೆ ಬೆಲೆ ಎಷ್ಟು?

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. 2023ರಲ್ಲಿ ಅವರ ಫುಟ್‌ಬಾಲ್ ತಂಡ ಲೀಗ್ ಹಂತದ 12 ಪಂದ್ಯಗಳನ್ನೂ ಗೆದ್ದು, ಕಾನ್ಫರೆನ್ಸ್ ಫೈನಲ್ ಒಂದನ್ನೇ ಸೋತು ರಾಷ್ಟ್ರೀಯ ಪ್ರಶಸ್ತಿಯ ಕಣದಿಂದ ಹೊರಬಿತ್ತಂತೆ. ಮರುವರ್ಷ ಅದೇ ಫೈನಲ್ ಸೋತ ಟೆಕ್ಸಾಸ್ ಮಾತ್ರ ಸೆಮಿಫೈನಲ್‌ವರೆಗೆ ಹೋಯಿತಂತೆ. ಇದೆಂಥ ನ್ಯಾಯ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇದು ನಮ್ಮ ಕೂಪರೇಜ್ ಮೈದಾನದಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್ ಎಂಬುದನ್ನು ಇತರ ಓದುಗರಿಗಾಗಿ ಮೊದಲೇ ಹೇಳಿಬಿಡುತ್ತೇವೆ. ರಣಜಿ ಟ್ರೋಫಿ ವಲಯವಾರು ನಡೆಯುತ್ತಿದ್ದ ಕಾಲದಲ್ಲಿ ಮುಂಬಯಿ ಪಶ್ಚಿಮ ವಲಯದಲ್ಲೂ ಕರ್ನಾಟಕ ದಕ್ಷಿಣ ವಲಯದಲ್ಲೂ ಆಡಿ ಮುಂದೆ ಬರುತ್ತಿದ್ದಂತೆ, ಅಲ್ಲಿಯ ಕಾಲೇಜು ತಂಡಗಳು ಹೆಚ್ಚಿನ ಪಂದ್ಯಗಳನ್ನು ತಮ್ಮ ತಮ್ಮ ಕಾನ್ಫರೆನ್ಸ್‌ನೊಳಗೇ, ಅಂದರೆ ತಾವು ಸೇರಿದ ಗುಂಪಿನೊಳಗೇ, ಆಡುತ್ತವೆ. ಜಾರ್ಜಿಯಾ ಇರುವ ಎಸ್‌ಇಸಿ ಕಾನ್ಫರೆನ್ಸ್ 1992ರಲ್ಲಿ ಫೈನಲ್ ಪಂದ್ಯವನ್ನು ಆರಂಭಿಸಿತು. ಮೊದಲ ವರ್ಷ ಅಲಬಾಮಾ 28–21ರಿಂದ ಫ್ಲಾರಿಡಾವನ್ನು ಸೋಲಿಸಿತು.

2014ರಿಂದ 2023ರ ಋತುವಿನವರೆಗೆ 13 ಸದಸ್ಯರ ಸಮಿತಿಯೊಂದು ರಾಷ್ಟ್ರೀಯ ಹಂತಕ್ಕೆ ನಾಲ್ಕೇ ತಂಡಗಳನ್ನು ಆರಿಸುತ್ತಿತ್ತು. 2023ರ ಎಸ್‌ಇಸಿ ಫೈನಲ್‌ನಲ್ಲಿ ಅಲಬಾಮಾ 27–24ರಿಂದ ಗೆದ್ದು ಜಾರ್ಜಿಯಾದ 29 ಪಂದ್ಯಗಳ ಸತತ ಗೆಲುವಿಗೆ ತೆರೆ ಎಳೆಯಿತು. (1974ರಲ್ಲಿ ಕರ್ನಾಟಕ ಮುಂಬಯಿಯ 15 ವರ್ಷಗಳ ರಣಜಿ ಅಧಿಪತ್ಯವನ್ನು ಮುರಿದಾಗ ತಾವು ಯಾವ ಪಕ್ಷದಲ್ಲಿದ್ದಿರಿ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ.) ಆದರೂ ಆ ವರ್ಷ ನಿಜವಾಗಿ ಅನ್ಯಾಯವಾದದ್ದು ಜಾರ್ಜಿಯಾಕ್ಕಲ್ಲ, ಫ್ಲಾರಿಡಾ ಸ್ಟೇಟ್‌ಗೆ ಎಂಬುದು ನಮ್ಮ ಅಭಿಪ್ರಾಯ. ಆ ತಂಡ ಎಸಿಸಿ ಎಂಬ ಇನ್ನೊಂದು ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಲೂಯಿವಿಲ್ ವಿರುದ್ಧ 16–6ರಿಂದ ಗೆದ್ದು, 13 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಬಂದಿತ್ತು. ಹೀಗಿದ್ದೂ, ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುತ್ತ ಚೆಂಡು ಎಸೆಯುವ ಆಟಗಾರ) ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಗಾಯಗೊಂಡು ಹೊರಗುಳಿದ ಮೇಲೆ ತಂಡ ಮೊದಲಿನಷ್ಟು ಬಲವಾಗಿಲ್ಲವೆಂದು ಬಗೆದ ಸಮಿತಿ, ಟೆಕ್ಸಾಸ್‌ಗೂ ಅಲಬಾಮಾಕ್ಕೂ ಸ್ಥಾನ ಕೊಟ್ಟಿತು. ಅವೆರಡೂ ಒಂದೊಂದು ಪಂದ್ಯ ಸೋತಿದ್ದವು. ಬಳಿಕ, ರಾಷ್ಟ್ರೀಯ ಪ್ರಶಸ್ತಿಗೆ ಸಂಬಂಧವಿಲ್ಲದ ಆರೆಂಜ್ ಬೌಲ್ ಪಂದ್ಯದಲ್ಲಿ ಜಾರ್ಜಿಯಾ ಇದೇ ಫ್ಲಾರಿಡಾ ಸ್ಟೇಟನ್ನು 63–3ರಿಂದ ಮಣಿಸಿತು. ಆದರೆ ಫ್ಲಾರಿಡಾ ಸ್ಟೇಟ್‌ನ ಹಲವು ಆಟಗಾರರು ಹಿಂದೆ ಸರಿದಿದ್ದ ಆ ಪಂದ್ಯದಿಂದ ಸಮಿತಿಯ ತೀರ್ಮಾನ ಸರಿಯೆಂದು ಸಾಧಿಸಲಾಗದು.

2024ರಿಂದ ತಂಡಗಳ ಸಂಖ್ಯೆ 12ಕ್ಕೇರಿತು. ಆದ್ದರಿಂದ ಜಾರ್ಜಿಯಾದೆದುರು ಹೆಚ್ಚುವರಿ ಅವಧಿಯಲ್ಲಿ 22–19ರಿಂದ ಸೋತ ಟೆಕ್ಸಾಸ್‌ಗೂ ಅವಕಾಶ ಉಳಿದಿತ್ತು.

ಪ್ರಶ್ನೆ: ಸೋತವರಿಗೂ ಜಾಗವಿದೆಯೆಂದ ಮೇಲೆ ಕಾನ್ಫರೆನ್ಸ್ ಫೈನಲ್ ಆಡುವುದಾದರೂ ಏಕೆ?
– ಓದುಗರೊಬ್ಬರು, ಪುಣೆ

ಉತ್ತರ: ಎಲ್ಲರಿಗೂ ಅದು ಒಂದೇ ಬೆಲೆಯ ಪಂದ್ಯವಲ್ಲ. 2024ರಲ್ಲಿ ಮೂರು ಪಂದ್ಯ ಸೋತಿದ್ದ ಕ್ಲೆಮ್ಸನ್‌ಗೆ ಎಸಿಸಿ ಪ್ರಶಸ್ತಿಯೊಂದೇ ದಾರಿಯಾಗಿತ್ತು. ಕೊನೆಯ ಕ್ಷಣದಲ್ಲಿ ನೋಲನ್ ಹೌಸರ್ 56 ಗಜ ದೂರದಿಂದ ಗೋಲ್ ಕಂಬಗಳ ನಡುವೆ ಒದೆದ ಚೆಂಡು (ಫೀಲ್ಡ್ ಗೋಲ್) ಎಸ್‌ಎಂಯು ತಂಡದ ವಿರುದ್ಧ 34–31ರ ಗೆಲುವನ್ನೂ ಮುಂದಿನ ಹಂತವನ್ನೂ ತಂದುಕೊಟ್ಟಿತು. ಬಲಿಷ್ಠ ತಂಡಗಳ ಲೆಕ್ಕವೇ ಬೇರೆ. ಅದೇ ವರ್ಷ ರಾಷ್ಟ್ರೀಯ ಫೈನಲ್ ಆಡಿದ ಓಹಾಯೋ ಸ್ಟೇಟ್ ಮತ್ತು ನೋಟರ್ ಡೇಮ್ ಎರಡೂ ಕಾನ್ಫರೆನ್ಸ್ ಫೈನಲ್ ಆಡಿರಲಿಲ್ಲ: ಮಿಷಿಗನ್‌ಗೆ 13–10ರಿಂದ ಸೋತ ಓಹಾಯೋ ಸ್ಟೇಟ್ ಅಲ್ಲಿಗೆ ತಲುಪಲಿಲ್ಲ, ನೋಟರ್ ಡೇಮ್ ಫುಟ್‌ಬಾಲ್‌ನಲ್ಲಿ ಯಾವ ಕಾನ್ಫರೆನ್ಸ್‌ಗೂ ಸೇರಿಲ್ಲ. ಪ್ರಶಸ್ತಿ 34–23ರಿಂದ ಓಹಾಯೋ ಸ್ಟೇಟ್‌ನ ಪಾಲಾಯಿತು. ಎಸ್‌ಇಸಿ ಫೈನಲ್ ಗೆದ್ದ ಜಾರ್ಜಿಯಾ ಆ ಪಂದ್ಯದಲ್ಲೇ ತನ್ನ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್ ಅವರನ್ನು ಗಾಯದಿಂದ ಕಳೆದುಕೊಂಡಿತ್ತು. ಕಾನ್ಫರೆನ್ಸ್ ಗೆದ್ದು ಮೊದಲ ಸುತ್ತಿನ ವಿನಾಯಿತಿ ಪಡೆದ ನಾಲ್ಕೂ ತಂಡಗಳು ತಮ್ಮ ಮೊದಲ ಪಂದ್ಯದಲ್ಲೇ ಸೋತವು. 2025ರಿಂದ ಆ ವಿನಾಯಿತಿಯನ್ನು ಕಾನ್ಫರೆನ್ಸ್ ವಿಜೇತರಿಗೆ ಮೀಸಲಿಡದೆ, ಸಮಿತಿಯ ಪಟ್ಟಿಯ ಮೊದಲ ನಾಲ್ಕು ತಂಡಗಳಿಗೆ ಕೊಡಲಾಗುತ್ತಿದೆ. ಶ್ರೇಷ್ಠ ಶ್ರೇಯಾಂಕದ ಐದು ಕಾನ್ಫರೆನ್ಸ್ ವಿಜೇತರಿಗೆ 12ರೊಳಗೆ ಸ್ಥಾನ ಎಂಬ ಭರವಸೆಯಷ್ಟೇ ಆ ವರ್ಷ ಹಾಗೆಯೇ ಉಳಿಯಿತು.